ಪಕ್ಕದ ವಿಭಾಗದಿಂದ ಒಂದು ಲೆಕ್ಕ

ಎಂಜಿನಿಯರಿಂಗ್ ಮೊದಲ ವರ್ಷದ ಕಂಪ್ಯೂಟರ್ ಲ್ಯಾಬಿನ ರೆಕಾರ್ಡ್ ಪುಸ್ತಕವನ್ನು ಯಾವ ಊರಿನ ಕಾಲೇಜಿನಲ್ಲಿ ತೆರೆದು ನೋಡಿದರೂ ಹೆಚ್ಚುಕಡಿಮೆ ಅವೇ ಪ್ರೋಗ್ರಾಂಗಳು ಕಾಣುತ್ತವೆ. ವರ್ಗ ಸಮೀಕರಣದ ಮೂಲಗಳು, ಕೊಟ್ಟ ಸಂಖ್ಯೆ ಪ್ಯಾಲಿಂಡ್ರೋಮ್ ಹೌದೋ ಅಲ್ಲವೋ, ಅವಿಭಾಜ್ಯ ಸಂಖ್ಯೆ, ಬಬಲ್ ಸಾರ್ಟ್, ಬೈನರಿ ಸರ್ಚ್, ಎರಡು ಮ್ಯಾಟ್ರಿಕ್ಸ್‌ಗಳ ಗುಣಾಕಾರ. ಸಿವಿಲ್‌ನವರಿಗೂ ಇವೇ, ಮೆಕ್ಯಾನಿಕಲ್‌ನವರಿಗೂ ಇವೇ. ಬಿಎಸ್ಸಿ, ಬಿಸಿಎ ಮಕ್ಕಳಿಗೂ ದೊಡ್ಡ ವ್ಯತ್ಯಾಸವಿಲ್ಲ. ಸೀನಿಯರ್‌ಗಳ ರೆಕಾರ್ಡ್‌ನಿಂದ ಜೂನಿಯರ್‌ಗಳ ರೆಕಾರ್ಡ್‌ಗೆ ಇಳಿದು ಇಳಿದು ಇವು ಬಾಯಿಪಾಠವಾಗಿಬಿಟ್ಟಿವೆ.

ಈ ಪಟ್ಟಿಯನ್ನು ಹೀಗಳೆಯಲು ನಾನು ಕುಳಿತಿಲ್ಲ. ಲೂಪ್ ಬರೆಯಲು, ಅರೇ ಬಳಸಲು ಕೈ ಪಳಗಲೇಬೇಕು. ಆದರೆ ಈ ಲೆಕ್ಕಗಳಿಗೆಲ್ಲ ಒಂದೇ ಕೊರತೆ ಇದೆ: ಅವುಗಳ ಉತ್ತರ ಯಾರಿಗೂ ಬೇಕಾಗಿಲ್ಲ. 121 ಪ್ಯಾಲಿಂಡ್ರೋಮ್ ಎಂಬುದು ಕೀಲಿ ಒತ್ತುವ ಮೊದಲೇ ಹುಡುಗಿಗೆ ಗೊತ್ತು, ಮೇಷ್ಟರಿಗೂ ಗೊತ್ತು. ಔಟ್‌ಪುಟ್ ಬಂತು, ಸಹಿ ಬಿತ್ತು, ಅಲ್ಲಿಗೆ ಮುಗಿಯಿತು. ಆ ಪ್ರೋಗ್ರಾಂ ಅನ್ನು ಆಮೇಲೆ ಯಾರೂ ಇನ್ನೊಮ್ಮೆ ಓಡಿಸಿ ನೋಡುವುದಿಲ್ಲ. ಕಂಪ್ಯೂಟರ್ ವಿಜ್ಞಾನದ ಮೊದಲ ಪಾಠವನ್ನು ಭೌತವಿಜ್ಞಾನ, ಜೀವವಿಜ್ಞಾನ, ಸಂಗೀತ, ಭಾಷೆ ಹೀಗೆ ಬೇರೆ ಬೇರೆ ವಿಷಯಗಳ ನಿಜವಾದ ಪ್ರಶ್ನೆಗಳಿಂದಲೇ ಕಲಿಸಬೇಕು ಎಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ. ಅಂಥ ಪ್ರಶ್ನೆಗೆ ಮೇಷ್ಟರಲ್ಲದೆ ಬೇರೊಬ್ಬ ತೀರ್ಪುಗಾರ ಇರುತ್ತಾನೆ. ಬರೆದದ್ದು ಸರಿಯೋ ತಪ್ಪೋ ಎಂಬುದನ್ನು ಕಿವಿ ಹೇಳುತ್ತದೆ, ಗ್ರಹದ ಹಾದಿ ಹೇಳುತ್ತದೆ, ಪದ್ಯದ ಲಯ ಹೇಳುತ್ತದೆ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಇದನ್ನು ಬಹಳ ಹಿಂದೆಯೇ ಮಾಡಿ ತೋರಿಸಿತು. ಅಲ್ಲಿನ ಕಂಪ್ಯೂಟರ್ ವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥರಾಗಿದ್ದ ರಾಬರ್ಟ್ ಸೆಡ್ಜ್‌ವಿಕ್ ಮತ್ತು ಅವರ ಸಹೋದ್ಯೋಗಿ ಕೆವಿನ್ ವೇಯ್ನ್ ತಮ್ಮ ಮೊದಲ ವರ್ಷದ ಪಾಠವನ್ನು 2007ರಲ್ಲಿ ಜಾವಾ ಭಾಷೆಯ ಪಠ್ಯಪುಸ್ತಕವಾಗಿ ತಂದರು. ರಾಬರ್ಟ್ ಡೊಂಡೆರೊ ಜೊತೆಗೂಡಿ 2015ರಲ್ಲಿ ಪೈಥಾನ್ ರೂಪ ಬಂತು. ಮರುವರ್ಷವೇ ಇದೆಲ್ಲವನ್ನೂ ಹಿಗ್ಗಿಸಿದ ದೊಡ್ಡ ಪುಸ್ತಕ ಬಂತು. ಹೆಸರಿನಲ್ಲೇ ಅಂತರ್‌ಶಿಸ್ತೀಯ ಎಂದು ಹೇಳಿಕೊಂಡ ಪುಸ್ತಕ ಅದು. ಜಾವಾ ಪುಸ್ತಕದಲ್ಲಿ ನಾಲ್ಕು ಅಧ್ಯಾಯ. ಪ್ರತಿ ಅಧ್ಯಾಯದ ಕೊನೆಗೂ ಹೊರಗಿನ ಲೋಕದ ಒಂದು ದೊಡ್ಡ ಲೆಕ್ಕ. ಲೂಪ್, ಅರೇ ಕಲಿತ ಮೇಲೆ ಜಾಲತಾಣಗಳಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುವವನೊಬ್ಬ ಯಾವ ಪುಟಕ್ಕೆ ಹೆಚ್ಚು ಸಲ ಬರುತ್ತಾನೆ ಎಂಬ ಪ್ರಶ್ನೆ. ಗೂಗಲ್ ಹುಡುಕಾಟದ ಬುಡದಲ್ಲಿರುವುದು ಇದೇ. ಫಂಕ್ಷನ್‌ಗಳ ಅಧ್ಯಾಯದ ಕೊನೆಗೆ ಪರ್ಕೊಲೇಶನ್, ಅಂದರೆ ಸೋರಿಕೆಯ ಲೆಕ್ಕ. ಆಬ್ಜೆಕ್ಟ್‌ಗಳ ಅಧ್ಯಾಯದ ಕೊನೆಗೆ ಗ್ರಹಗಳ ಚಲನೆ. ಕೊನೆಯ ಅಧ್ಯಾಯಕ್ಕೆ ಪರಿಚಯದ ಕೊಂಡಿಗಳಿಂದ ಪ್ರಪಂಚ ಎಷ್ಟು ಚಿಕ್ಕದು ಎಂಬ ಸಮಾಜಶಾಸ್ತ್ರದ ಪ್ರಶ್ನೆ.

ಇವುಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಸೋರಿಕೆಯ ಲೆಕ್ಕ. ಕರಾವಳಿ, ಮಲೆನಾಡಿನವರಿಗೆ ಜಂಬಿಟ್ಟಿಗೆ ಕಲ್ಲು ಗೊತ್ತು. ಮೈತುಂಬ ತೂತು. ಮೇಲೆ ಸುರಿದ ನೀರು ಕೆಳಗೆ ಇಳಿಯಬೇಕಾದರೆ ತೂತುಗಳು ಒಂದಕ್ಕೊಂದು ತಾಗಿಕೊಂಡು ಮೇಲಿನಿಂದ ಕೆಳಗಿನವರೆಗೆ ದಾರಿಯಾಗಬೇಕು. ಕಲ್ಲಿನ ಎಷ್ಟು ಭಾಗ ತೂತಾಗಿದ್ದರೆ ಅಂಥ ದಾರಿ ಏರ್ಪಡುತ್ತದೆ? ಇದನ್ನು ಕಾಗದದ ಮೇಲೆ ಚೌಕುಳಿಯಾಗಿ ಬರೆದುಕೊಳ್ಳಬಹುದು. ಉದ್ದಕ್ಕೆ 100, ಅಡ್ಡಕ್ಕೆ 100, ಒಟ್ಟು 10,000 ಮನೆ. ಮೊದಲು ಎಲ್ಲ ಮನೆಗಳೂ ಮುಚ್ಚಿವೆ. ಚೀಟಿ ಎತ್ತಿದ ಹಾಗೆ ಒಂದೊಂದೇ ಮನೆ ತೆರೆಯುತ್ತಾ ಹೋಗಿ. ಅಕ್ಕಪಕ್ಕ, ಮೇಲೆಕೆಳಗೆ ತಾಗಿಕೊಂಡಿರುವ ತೆರೆದ ಮನೆಗಳಲ್ಲಿ ನೀರು ಹರಿಯುತ್ತದೆ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ನೀರು ಮುಟ್ಟಿದ ಕೂಡಲೇ ನಿಲ್ಲಿಸಿ, ಎಷ್ಟು ಮನೆ ತೆರೆದಿದೆ ಎಂದು ಎಣಿಸಿ.

ಕಂಪ್ಯೂಟರಿನಲ್ಲಿ ಇದನ್ನು ಮತ್ತೆ ಮತ್ತೆ ಮಾಡಿದರೆ ಪ್ರತಿ ಸಲವೂ ಉತ್ತರ 0.59ರ ಆಸುಪಾಸಿನಲ್ಲೇ ಬಂದು ನಿಲ್ಲುತ್ತದೆ. ಚೌಕುಳಿ ದೊಡ್ಡದಾದಷ್ಟೂ ಅದು ಸುಮಾರು 0.5927ರ ಹತ್ತಿರ ಹತ್ತಿರ ಬರುತ್ತದೆ. ಅರ್ಧದಷ್ಟು ಮನೆ ತೆರೆದ ದೊಡ್ಡ ಚೌಕುಳಿಯಲ್ಲಿ ನೀರು ಇಳಿಯುವುದೇ ಇಲ್ಲ ಎನ್ನಬಹುದು. ನೂರಕ್ಕೆ ಎಪ್ಪತ್ತು ಮನೆ ತೆರೆದರೆ ಇಳಿಯದೆ ಇರುವುದೇ ಇಲ್ಲ. ನಡುವೆ ಒಂದು ಕಿರಿದಾದ ಹೊಸ್ತಿಲು. ಆ ಹೊಸ್ತಿಲು 0.5927 ಯಾಕೆ, 0.6 ಯಾಕಲ್ಲ? ಇದಕ್ಕೆ ಸೂತ್ರ ಇಂದಿಗೂ ಸಿಕ್ಕಿಲ್ಲ. ಈ ಗಣಿತವನ್ನು 1957ರಲ್ಲಿ ಶುರುಮಾಡಿದವರು ಬ್ರಿಟನ್ನಿನ ಸೈಮನ್ ಬ್ರಾಡ್‌ಬೆಂಟ್ ಮತ್ತು ಜಾನ್ ಹ್ಯಾಮರ್‌ಸ್ಲೆ. ಮನೆಗಳ ಬದಲು ಮನೆಗಳ ನಡುವಿನ ಕೊಂಡಿಗಳನ್ನು ತೆರೆಯುತ್ತಾ ಹೋದರೆ ಹೊಸ್ತಿಲು ಸರಿಯಾಗಿ ಅರ್ಧ ಎಂದು 1980ರಲ್ಲಿ ಹ್ಯಾರಿ ಕೆಸ್ಟನ್ ಸಾಧಿಸಿ ತೋರಿಸಿದರು. ಮನೆಗಳ ಲೆಕ್ಕ ಮಾತ್ರ ಹಾಗೆಯೇ ಉಳಿದಿದೆ. ಆ ಸಂಖ್ಯೆ ನಮಗೆ ಸಿಕ್ಕಿರುವುದು ಕಂಪ್ಯೂಟರ್ ಓಡಿಸಿಯೇ.

ಹದಿನೆಂಟರ ಹುಡುಗ ಸೆಮಿಸ್ಟರಿನ ನಡುವಿನಲ್ಲಿ, ಕಲಿತ ಒಂದಿಷ್ಟು ಫಂಕ್ಷನ್‌ಗಳನ್ನು ಇಟ್ಟುಕೊಂಡು, ಗಣಿತಜ್ಞರಿಗೂ ಸೂತ್ರವಿಲ್ಲದ ಒಂದು ಸಂಖ್ಯೆಯನ್ನು ತಾನೇ ಅಳೆಯುತ್ತಾನೆ. ಮೇಷ್ಟರ ಕೈಯಲ್ಲಿರುವುದೂ ಇದೇ ಉಪಕರಣ. ಇಬ್ಬರೂ ಒಂದೇ ಕಡೆ ನಿಂತು ನೋಡುವ ಇಂಥ ಪಾಠ ನಮ್ಮ ಲ್ಯಾಬುಗಳಲ್ಲಿ ಎಲ್ಲಿದೆ? ಪಾಠದ ಒಳಗಿನ ಕ್ರಮವೂ ಚೆನ್ನಾಗಿದೆ. ನೀರು ನೇರ ಕೆಳಗೆ ಮಾತ್ರ ಬೀಳುತ್ತದೆ ಎಂದುಕೊಂಡರೆ ಲೂಪ್ ಸಾಕು. ಅದು ಪಕ್ಕಕ್ಕೂ ಹರಿಯುತ್ತದೆ, ಸಂದು ಸಿಕ್ಕಿದರೆ ಮೇಲಕ್ಕೂ ಏರಿ ಇನ್ನೊಂದು ದಾರಿ ಹಿಡಿಯುತ್ತದೆ ಎಂದಾಗ ಲೂಪಿನ ಕೈ ಸೋಲುತ್ತದೆ. ಅಲ್ಲಿ ರಿಕರ್ಶನ್ ಬರುತ್ತದೆ: ಈ ಮನೆ ತೆರೆದಿದ್ದರೆ ತುಂಬು, ಆಮೇಲೆ ನಾಲ್ಕೂ ಪಕ್ಕದ ಮನೆಗಳಿಗೆ ಹೋಗಿ ಇದನ್ನೇ ಮಾಡು. ರಿಕರ್ಶನ್ ಯಾಕೆ ಕಲಿಯಬೇಕು ಎಂಬ ಪ್ರಶ್ನೆಗೆ ಫ್ಯಾಕ್ಟೋರಿಯಲ್ ಪ್ರೋಗ್ರಾಂ ಎಂದೂ ಸರಿಯಾದ ಉತ್ತರ ಕೊಟ್ಟಿಲ್ಲ, ಅದು ಲೂಪಿನಲ್ಲೇ ಆಗುವ ಕೆಲಸ. ಸೋರುವ ಕಲ್ಲು ಆ ಉತ್ತರ ಕೊಡುತ್ತದೆ.

ಪ್ರಿನ್ಸ್‌ಟನ್ನಿನ ಇನ್ನೊಂದು ಮನೆಗೆಲಸ ತಂತಿವಾದ್ಯದ್ದು. ಸ್ಟ್ಯಾನ್‌ಫರ್ಡಿನ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ವಿಧಾನ ಅದಕ್ಕೆ ಆಧಾರ. ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಧ್ವನಿ ಎಂದರೆ 44,100 ಸಂಖ್ಯೆಗಳು. ಸೆಕೆಂಡಿಗೆ 440 ಸಲ ಕಂಪಿಸುವ ಸ್ವರ ಬೇಕಾದರೆ 44,100ನ್ನು 440ರಿಂದ ಭಾಗಿಸಿ, ಸುಮಾರು ನೂರು ಸಂಖ್ಯೆಗಳ ಒಂದು ಸರದಿಸಾಲು ಮಾಡಿಕೊಳ್ಳಬೇಕು. ತಂತಿ ಮೀಟುವುದು ಎಂದರೆ ಆ ಸಾಲಿನಲ್ಲಿ ಮನಸ್ಸಿಗೆ ಬಂದ ಹಾಗೆ ಚಿಕ್ಕ ಚಿಕ್ಕ ಸಂಖ್ಯೆಗಳನ್ನು ತುಂಬುವುದು. ಆಮೇಲೆ ಮಾಡಬೇಕಾದದ್ದು ಒಂದೇ ಕೆಲಸ. ಸಾಲಿನ ಮೊದಲ ಎರಡು ಸಂಖ್ಯೆಗಳ ಸರಾಸರಿ ತೆಗೆದು, ಅದನ್ನು 0.996ರಿಂದ ಗುಣಿಸಿ, ಸಾಲಿನ ಕೊನೆಗೆ ಸೇರಿಸಿ, ಮೊದಲಿನದನ್ನು ಹೊರಗೆ ಬಿಡುವುದು. ಹೊರಬಿದ್ದ ಸಂಖ್ಯೆ ಸ್ಪೀಕರಿಗೆ ಹೋಗುತ್ತದೆ. ಅಷ್ಟೇ! ಗದ್ದಲವಾಗಿ ಶುರುವಾದದ್ದು ಕಣ್ಣು ಮುಚ್ಚಿ ತೆರೆಯುವುದರೊಳಗೆ ತಂತಿಯ ನಾದವಾಗಿ ತಿರುಗಿ, ಮೆಲ್ಲಗೆ ಕ್ಷೀಣಿಸುತ್ತದೆ. ಸರಾಸರಿ ತೆಗೆದಾಗ ಏರಿಳಿತದ ಮೊನೆಗಳು ಸವೆಯುತ್ತವೆ, ಅಂದರೆ ಮೇಲಿನ ಆವೃತ್ತಿಗಳು ಬೇಗ ಸಾಯುತ್ತವೆ. ನಿಜವಾದ ತಂತಿಯಲ್ಲಿಯೂ ನಡೆಯುವುದು ಹಾಗೆಯೇ.

ಕ್ಯೂ ಎಂಬ ದತ್ತಸಂರಚನೆಯನ್ನು ನಾವು ಬಸ್ ಸ್ಟಾಂಡಿನ ಸಾಲು ತೋರಿಸಿ ಕಲಿಸುತ್ತೇವೆ. ಇಲ್ಲಿ ಅದೇ ಕ್ಯೂ ಹಾಡುತ್ತದೆ. ಒಂದು ಸೂಚ್ಯಂಕ ಹೆಚ್ಚುಕಮ್ಮಿಯಾದರೆ ಶ್ರುತಿ ತಪ್ಪುತ್ತದೆ, ಸಂಗೀತ ಬಲ್ಲ ಮಗುವಿಗೆ ಅದು ಪರದೆ ನೋಡದೆಯೂ ತಿಳಿಯುತ್ತದೆ. ನಮ್ಮ ಮಕ್ಕಳು ಈ ಪ್ರೋಗ್ರಾಂ ಬರೆದರೆ ಸುಮ್ಮನಿರುವವರಲ್ಲ, ತಂಬೂರಿ ನುಡಿಸಲು ಹೋಗುತ್ತಾರೆ. ಹೋಗಬೇಕು ಕೂಡ. ಆಗ ಗೊತ್ತಾಗುತ್ತದೆ, ಸ್ವರ ಬಂದರೂ ತಂಬೂರಿಯ ಜೀವಾಳ ಬರುವುದಿಲ್ಲ. ಯಾಕೆ? ತಂಬೂರಿಯ ಕುದುರೆ ಚಪ್ಪಟೆಯಾಗಿ, ಸ್ವಲ್ಪ ಬಾಗಿದ ಮೈಯದು. ತಂತಿ ಅದರ ಮೇಲೆ ಉಜ್ಜುತ್ತಾ ಮುಟ್ಟುತ್ತಾ ಕಂಪಿಸುತ್ತದೆ. ಮೀಟಿದ ಜಾಗದಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಬಾರದು ಎಂಬ ಯುರೋಪಿನ ನಿಯಮವನ್ನು ನಮ್ಮ ವೀಣೆ, ತಂಬೂರಿಗಳು ಮೀರುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದು ತೋರಿಸಿದ್ದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು ಇಲ್ಲಿಯೇ ನೆಲೆಸಿದ ರಾಮನ್. ಸರದಿಸಾಲಿನ ಪ್ರೋಗ್ರಾಂ ಬರೆದ ವಿದ್ಯಾರ್ಥಿಗೆ ರಾಮನ್‌ರ ಆ ಪ್ರಬಂಧ ಆಮೇಲೆ ಓದಲೇಬೇಕಾದ ಬರಹವಾಗುತ್ತದೆ, ಪರೀಕ್ಷೆಗಾಗಿ ಓದುವ ಹೆಸರಾಗಿ ಉಳಿಯುವುದಿಲ್ಲ.

ಗ್ರಹಗಳ ಲೆಕ್ಕವನ್ನು ಚಿಕ್ಕದಾಗಿ ಹೇಳುತ್ತೇನೆ. ಸೂರ್ಯ, ಬುಧ, ಶುಕ್ರ, ಭೂಮಿ, ಮಂಗಳ ಇವುಗಳ ದ್ರವ್ಯರಾಶಿ, ಈಗಿನ ಜಾಗ, ಈಗಿನ ವೇಗ ಕೊಟ್ಟಿರುತ್ತಾರೆ. ನ್ಯೂಟನ್ನನ ಗುರುತ್ವ ನಿಯಮದಿಂದ ಒಂದರ ಮೇಲೊಂದರ ಸೆಳೆತ ಕಂಡುಹಿಡಿದು, 25,000 ಸೆಕೆಂಡಿನ ಒಂದೊಂದು ಹೆಜ್ಜೆಯಾಗಿ ಎಲ್ಲವನ್ನೂ ಮುಂದೆ ಸರಿಸಬೇಕು. ಸುಮಾರು 1,262 ಹೆಜ್ಜೆಗೆ ಭೂಮಿ ಹೊರಟಲ್ಲಿಗೆ ಬರಬೇಕು. ಬಾರದಿದ್ದರೆ ತಪ್ಪಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಮೊದಲು ವೇಗ ಬದಲಿಸಿ, ಆ ಹೊಸ ವೇಗದಿಂದ ಜಾಗ ಬದಲಿಸಿದರೆ ಕಕ್ಷೆ ವರ್ಷಗಟ್ಟಲೆ ಕದಲದೆ ನಿಲ್ಲುತ್ತದೆ. ಹಳೆಯ ವೇಗದಿಂದ ಜಾಗ ಬದಲಿಸಿ ಆಮೇಲೆ ವೇಗ ಬದಲಿಸಿದರೆ ಭೂಮಿ ಸುತ್ತು ಸುತ್ತಿಗೂ ಸೂರ್ಯನಿಂದ ದೂರ ಸರಿಯುತ್ತಾ ಹೋಗುತ್ತದೆ. ಎರಡು ಸಾಲುಗಳ ಹಿಂದುಮುಂದಿನಿಂದ ಸೌರವ್ಯೂಹವೇ ಸಡಿಲವಾಗುವುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಹೇಳಿಕೆಗಳ ಕ್ರಮ ಮುಖ್ಯ ಎಂದು ಬೇರೆ ಹೇಳಿಕೊಡಬೇಕಿಲ್ಲ.

ಜೀವವಿಜ್ಞಾನದಿಂದ ಬಂದ ಲೆಕ್ಕ ಡಿಎನ್‌ಎ ಹೋಲಿಕೆಯದು. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಎರಡು ಸಾಲುಗಳು. ಒಂದರ ಕೆಳಗೊಂದು ಇಟ್ಟು ಹೊಂದಿಸಬೇಕು. ಅಕ್ಷರ ಕೂಡಿಬಂದರೆ ದಂಡವಿಲ್ಲ, ಕೂಡದಿದ್ದರೆ ದಂಡ 1, ನಡುವೆ ಖಾಲಿ ಬಿಟ್ಟರೆ ದಂಡ 2. ಒಟ್ಟು ದಂಡ ಅತಿ ಕಡಿಮೆಯಾಗುವ ಜೋಡಣೆ ಯಾವುದು? ಹತ್ತು ಹತ್ತು ಅಕ್ಷರದ ಎರಡು ಸಾಲುಗಳನ್ನು ಜೋಡಿಸುವ ಬಗೆಗಳೇ 80,97,453. ಎಲ್ಲವನ್ನೂ ಒಂದೊಂದಾಗಿ ನೋಡುವ ರಿಕರ್ಶನ್ ಪ್ರೋಗ್ರಾಂ ಬರೆಯುವುದು ಸುಲಭ, ಆದರೆ ಸಾಲು ಇನ್ನೂ ಸ್ವಲ್ಪ ಉದ್ದವಾದರೆ ಅದು ಮುಗಿಯುವುದೇ ಇಲ್ಲ. ಹನ್ನೊಂದಕ್ಕೆ ಹನ್ನೊಂದರ ಒಂದು ಕೋಷ್ಟಕ ಹಾಕಿ, ಚಿಕ್ಕ ತುಂಡುಗಳ ಉತ್ತರವನ್ನು ಒಮ್ಮೆ ಬರೆದಿಟ್ಟುಕೊಂಡು ಮತ್ತೆ ಮತ್ತೆ ಬಳಸಿದರೆ 121 ಮನೆಗಳಲ್ಲಿ ಕೆಲಸ ಮುಗಿಯುತ್ತದೆ. ಡೈನಮಿಕ್ ಪ್ರೋಗ್ರಾಮಿಂಗ್ ಎಂದು ಬೆದರಿಸುವ ಹೆಸರಿನ ಹಿಂದೆ ಇರುವುದು ಇಷ್ಟು.

ಇದೇ ಉಪಾಯವನ್ನು ಜೀವವಿಜ್ಞಾನಕ್ಕಾಗಿ 1970ರಲ್ಲಿ ಸಾಲ್ ನೀಡಲ್‌ಮನ್ ಮತ್ತು ಕ್ರಿಶ್ಚಿಯನ್ ವುನ್ಶ್ ಪ್ರಕಟಿಸಿದರು. ಅದಕ್ಕೂ ಎರಡು ವರ್ಷ ಮುಂಚೆ ಉಕ್ರೇನಿನ ತಾರಾಸ್ ವಿಂಟ್ಸಿಯುಕ್ ಮಾತನ್ನು ಗುರುತಿಸುವ ಯಂತ್ರಕ್ಕಾಗಿ ಹೆಚ್ಚುಕಡಿಮೆ ಇದನ್ನೇ ಕಂಡುಕೊಂಡಿದ್ದರು. ಒಂದು ಕ್ಷೇತ್ರದವರಿಗೆ ಇನ್ನೊಂದರ ಸುದ್ದಿ ಇರಲಿಲ್ಲ. ಮೊಬೈಲಿನಲ್ಲಿ ಕಾಗುಣಿತ ತಿದ್ದುವ ತಂತ್ರಾಂಶಗಳೂ ಇದೇ ಹೋಲಿಕೆಯನ್ನು ಬಳಸುತ್ತವೆ. ಇನ್ನು ಕೊರೊನಾ ವೈರಸ್ಸಿನ ವಂಶವಾಹಿ ಸುಮಾರು 30,000 ಅಕ್ಷರಗಳದ್ದು. ಎರಡು ತಳಿಗಳನ್ನು ಹೀಗೆ ಹೋಲಿಸಬೇಕಾದರೆ ಕೋಷ್ಟಕದಲ್ಲಿ 90 ಕೋಟಿ ಮನೆ, ಮನೆಗೆ ನಾಲ್ಕು ಬೈಟ್ ಎಂದರೂ 360 ಕೋಟಿ ಬೈಟ್. ಲ್ಯಾಬಿನ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಇಡೀ ಕೋಷ್ಟಕ ಬೇಕೇ, ಹಿಂದಿನ ಒಂದು ಸಾಲು ಸಾಕೇ ಎಂದು ವಿದ್ಯಾರ್ಥಿ ತಾನಾಗಿಯೇ ಕೇಳತೊಡಗುತ್ತಾಳೆ. ಸಮಯ, ಜಾಗಗಳ ಮಿತವ್ಯಯ ಎಂಬ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ನನಗೆ ಕಂಡಿಲ್ಲ.

ಬೇರೆ ವಿಷಯಗಳ ಲೆಕ್ಕ ತಂದರೆ ಕಂಪ್ಯೂಟರ್ ವಿಜ್ಞಾನದ ಅಪ್ಪಟತನ ಕೆಡುತ್ತದೆ ಎನ್ನುವವರಿದ್ದಾರೆ. ಚರಿತ್ರೆ ಅವರ ಪರ ಇಲ್ಲ. ಪ್ರತಿ ಪಠ್ಯದಲ್ಲೂ ಇರುವ ಕ್ವಿಕ್‌ಸಾರ್ಟ್ ಎಲ್ಲಿ ಹುಟ್ಟಿತು? ಟೋನಿ ಹೋರ್ ಎಂಬ ಇಂಗ್ಲಿಷ್ ಯುವಕ 1959ರ ಹೊತ್ತಿಗೆ ಮಾಸ್ಕೊ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ತರುವ ಪ್ರಶ್ನೆ ಅವರ ಮುಂದಿತ್ತು. ನಿಘಂಟು ಇದ್ದದ್ದು ಉದ್ದನೆಯ ಟೇಪಿನ ಮೇಲೆ, ಅಕ್ಷರಾನುಕ್ರಮವಾಗಿ. ವಾಕ್ಯದ ಪದಗಳನ್ನು ಮೊದಲೇ ಅದೇ ಕ್ರಮಕ್ಕೆ ಜೋಡಿಸಿಕೊಂಡರೆ ಟೇಪನ್ನು ಒಂದೇ ಸಲ ಓಡಿಸಿದರೆ ಸಾಕು. ಹಾಗೆ ಜೋಡಿಸುವ ಚುರುಕಾದ ದಾರಿ ಹುಡುಕುವಾಗ ಸಿಕ್ಕಿದ್ದು ಕ್ವಿಕ್‌ಸಾರ್ಟ್. ಭಾಷಾಂತರದ ಅಗತ್ಯ ಕೊಟ್ಟ ಕಾಣಿಕೆ ಅದು. ಆ ಕ್ವಿಕ್‌ಸಾರ್ಟ್ ಮೇಲೆಯೇ 1975ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಡೊನಾಲ್ಡ್ ನೂತ್ ಅವರ ಬಳಿ ಪಿಎಚ್‌ಡಿ ಮಾಡಿದವರು ಮೇಲೆ ಹೇಳಿದ ಸೆಡ್ಜ್‌ವಿಕ್. ಬೇಸಿಕ್ ಭಾಷೆಯೂ 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಹುಟ್ಟಿದ್ದು ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಎಂಬ ಆಸೆಯಿಂದ. ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಅದನ್ನು ಕಟ್ಟಿದ್ದು ಅವರಿಗಾಗಿ.

ಈ ದಾರಿಯಲ್ಲಿ ತೊಡಕುಗಳಿಲ್ಲವೆಂದು ಹೇಳುವುದಿಲ್ಲ. ಜೀವವಿಜ್ಞಾನ ಓದದವನಿಗೆ ಡಿಎನ್‌ಎ ಪಾಠ ಮಾಡುತ್ತಾ ಕುಳಿತರೆ ಪ್ರೋಗ್ರಾಮಿಂಗ್ ಹೇಳುವುದು ಯಾವಾಗ? ಆದ್ದರಿಂದ ಲೆಕ್ಕ ಆರಿಸುವುದರಲ್ಲೇ ಮೇಷ್ಟರ ಶ್ರಮ ಇರುವುದು. ಒಂದು ಪುಟದಲ್ಲಿ ಹೇಳಿ ಮುಗಿಸಲು ಆಗಬೇಕು, ಒಳಗೆ ಒಂದು ನಿಜವಾದ ಗಂಟು ಇರಬೇಕು. ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ ಮಾರ್ಕ್ ಗುಜ್ಡಿಯಲ್ ವಾಸ್ತುಶಿಲ್ಪ, ಆಡಳಿತ, ಮಾನವಿಕ ವಿಷಯಗಳ ವಿದ್ಯಾರ್ಥಿಗಳಿಗಾಗಿ 2003ರಲ್ಲಿ ಚಿತ್ರ, ಧ್ವನಿಗಳನ್ನು ತಿದ್ದುತ್ತಾ ಪ್ರೋಗ್ರಾಮಿಂಗ್ ಕಲಿಯುವ ಪಾಠ ಶುರುಮಾಡಿದರು. ನಡುವೆ ಬಿಟ್ಟುಹೋಗುವವರು, ಫೇಲಾಗುವವರು ಕಡಿಮೆಯಾದರು. ಆದರೆ ಅದರಿಂದ ಹೆಚ್ಚು ಕಲಿತರು ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ ಎಂದು ಆಮೇಲೆ ಗುಜ್ಡಿಯಲ್ ಅವರೇ ಬರೆದರು. ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ, ಆದರೂ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹೆದರಿ ಹಿಂದಿನ ಬೆಂಚಿಗೆ ಸರಿದ ಮಗು ತರಗತಿಯಲ್ಲಿ ಉಳಿಯಿತು ಎಂಬುದೇ ದೊಡ್ಡ ಗಳಿಕೆ. ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದವರ ವಿಷಯದಲ್ಲಿ.

ಅವರಿಗಾಗಿ ನಮ್ಮಲ್ಲೇ ಒಂದು ಲೆಕ್ಕ ಕಾದಿದೆ. ಹೈಸ್ಕೂಲಿನ ಕನ್ನಡ ತರಗತಿಯಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸದ ಮಗು ಇಲ್ಲ. ಪ್ರಸ್ತಾರ ಹಾಕುವುದು ಎಂದರೆ ಅಪ್ಪಟ ಅಲ್ಗಾರಿದಂ. ದೀರ್ಘಸ್ವರವಿದ್ದರೆ ಗುರು, ಅನುಸ್ವಾರ ವಿಸರ್ಗವಿದ್ದರೆ ಗುರು, ಒತ್ತಕ್ಷರದ ಹಿಂದಿನ ಅಕ್ಷರ ಗುರು, ವ್ಯಂಜನ ಹಿಂಬಾಲಿಸಿದ ಅಕ್ಷರ ಗುರು, ಉಳಿದದ್ದು ಲಘು. ಇದನ್ನು ಪ್ರೋಗ್ರಾಂ ಮಾಡಿ ಎಂದು ಹೇಳಿ ನೋಡಿ. ಮೊದಲ ಹೆಜ್ಜೆಯಲ್ಲೇ ಅಚ್ಚರಿ ಕಾದಿರುತ್ತದೆ. ಕನ್ನಡ ಎಂಬ ಪದದ ಉದ್ದ ಎಷ್ಟು ಎಂದು ಪೈಥಾನ್‌ಗೆ ಕೇಳಿದರೆ ಅದು 5 ಎನ್ನುತ್ತದೆ. ಕ, ನ, ಹಲಂತ ಚಿಹ್ನೆ, ನ, ಡ ಎಂದು ಯುನಿಕೋಡ್ ಅದನ್ನು ಇಟ್ಟುಕೊಂಡಿದೆ. ಸ್ತ್ರೀ ಎಂಬ ಒಂದೇ ಅಕ್ಷರ ಯಂತ್ರಕ್ಕೆ ಆರು. ಅಕ್ಷರ ಎಂದರೇನು, ಯಂತ್ರ ಅದನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂಬ ಮೂಲಭೂತ ಪಾಠ ಇಂಗ್ಲಿಷ್ ಉದಾಹರಣೆಗಳಲ್ಲಿ ಕಣ್ಣಿಗೆ ಬೀಳದೆ ಹೋಗುತ್ತದೆ, ಕನ್ನಡದಲ್ಲಿ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಐದನ್ನು ಮೂರು ಅಕ್ಷರಗಳಾಗಿ ಒಡೆದು, ಮುಂದೆ ನ್ನ ಇರುವುದರಿಂದ ಕ ಗುರು, ಉಳಿದೆರಡು ಲಘು, ಒಟ್ಟು ನಾಲ್ಕು ಮಾತ್ರೆ ಎಂಬಲ್ಲಿಗೆ ತಲುಪುವಷ್ಟರಲ್ಲಿ ಸ್ಟ್ರಿಂಗ್, ಲೂಪ್, ಷರತ್ತು, ಮುಂದಿನ ಅಕ್ಷರವನ್ನು ಇಣುಕಿ ನೋಡುವ ಕ್ರಮ ಎಲ್ಲವೂ ಬಂದಿರುತ್ತವೆ. ಅಲ್ಲಿಂದ ಮುಂದೆ ಭಾಮಿನಿ ಷಟ್ಪದಿ. ಮೂರು ನಾಲ್ಕು ಮೂರು ನಾಲ್ಕು ಎಂದು ಹದಿನಾಲ್ಕು ಮಾತ್ರೆಯ ಸಾಲುಗಳು. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಮೂರು ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು ಇಪ್ಪತ್ತಮೂರು. ಕುಮಾರವ್ಯಾಸನ ಪದ್ಯವೊಂದನ್ನು ಕೊಟ್ಟರೆ ಪ್ರೋಗ್ರಾಂ ಗಣ ಒಡೆದು ತೋರಿಸಬೇಕು. ಒಡೆಯದಿದ್ದರೆ ತಪ್ಪಿರುವುದು ಪ್ರೋಗ್ರಾಮಿನಲ್ಲಿ. ಕುಮಾರವ್ಯಾಸನಲ್ಲಿ ಹುಡುಕುವುದು ಬೇಡ. ಸಾಲಿನ ಕೊನೆಯ ಲಘುವನ್ನು ಗುರುವೆಂದು ಎಣಿಸುವ ಪದ್ಧತಿ, ಒತ್ತಕ್ಷರದ ಹಿಂದಿನದನ್ನೂ ಲಘುವಾಗಿಯೇ ಉಳಿಸುವ ಹಳಗನ್ನಡದ ಶಿಥಿಲದ್ವಿತ್ವ ಇವೆಲ್ಲ ಅಪವಾದಗಳಾಗಿ ಎದುರಾಗುತ್ತವೆ. ಅಲ್ಲಿ ಕನ್ನಡ ಮೇಷ್ಟರ ಹತ್ತಿರ ಹೋಗಲೇಬೇಕು.

ಎಣಿಕೆಯ ಪ್ರಶ್ನೆಯನ್ನೂ ಕೇಳಬಹುದು. ಹದಿನಾಲ್ಕು ಮಾತ್ರೆಯ ಸಾಲನ್ನು ಲಘು ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು? ಸಾಲು ಲಘುವಿನಿಂದ ಮುಗಿದರೆ ಹಿಂದೆ ಹದಿಮೂರು ಮಾತ್ರೆ ಉಳಿಯಿತು, ಗುರುವಿನಿಂದ ಮುಗಿದರೆ ಹನ್ನೆರಡು. ಎರಡರ ಬಗೆಗಳನ್ನೂ ಕೂಡಿಸಿ. 1, 2, 3, 5, 8, 13 ಎಂದು ಬೆಳೆದು ಹದಿನಾಲ್ಕಕ್ಕೆ 610 ಬರುತ್ತದೆ. ಗಣದ ಗಡಿ ದಾಟಬಾರದು ಎಂದರೆ 225. ಲಘು ಗುರು ಲಘು ಎಂಬ ಜಗಣವನ್ನು ಬಿಟ್ಟರೆ 144. ಲ್ಯಾಬಿನಲ್ಲಿ ಫಿಬೊನಾಚಿ ಸರಣಿ ಎಂದು ಬರೆಸುವ ಪ್ರೋಗ್ರಾಂ ಇದೇ. ಆ ಇಟಲಿಯವನ ಪುಸ್ತಕ 1202ರದ್ದು. ಭಾರತದ ಛಂದಸ್ಸಿನ ಪಂಡಿತ ವಿರಹಾಂಕ ಮಾತ್ರಾವೃತ್ತಗಳನ್ನು ಎಣಿಸಲು ಅದಕ್ಕೂ ಶತಮಾನಗಳ ಹಿಂದೆ ಇದನ್ನು ಹೇಳಿದ್ದ. ಎಂಟು ಅಕ್ಷರಗಣಗಳನ್ನು ನೆನಪಿಡಲು ಹೇಳಿಕೊಡುವ ಯಮಾತಾರಾಜಭಾನಸಲಗಂ ಎಂಬ ಹತ್ತಕ್ಷರದ ಸೂತ್ರವನ್ನು ಮೂರು ಮೂರು ಅಕ್ಷರದ ಕಿಟಕಿಯಿಂದ ನೋಡುತ್ತಾ ಹೋದರೆ ಎಂಟೂ ಗಣಗಳು ಒಂದೊಂದೇ ಸಲ ಸಿಗುತ್ತವೆ. ಗಣಿತದಲ್ಲಿ ಇಂಥ ಸರಣಿಗೆ ಡಿ ಬ್ರೂಯ್ನ್ ಸರಣಿ ಎಂದು ಹೆಸರು. ಇದರಿಂದಲೇ ಬೆಳೆದ ಡಿ ಬ್ರೂಯ್ನ್ ಜಾಲಗಳನ್ನು ಬಳಸಿ ಇಂದು ಡಿಎನ್‌ಎಯ ಚೂರುಗಳನ್ನು ಕೂಡಿಸಿ ಪೂರ್ತಿ ವಂಶವಾಹಿ ಕಟ್ಟುತ್ತಾರೆ. ಹೈಸ್ಕೂಲಿನ ಕನ್ನಡ ಪಾಠದಿಂದ ಜೀವವಿಜ್ಞಾನದ ಪ್ರಯೋಗಾಲಯಕ್ಕೆ ಇರುವ ದೂರ ಇಷ್ಟೇ ಎಂದು ಮಕ್ಕಳಿಗೆ ನಾವು ಯಾವಾಗ ಹೇಳಿಕೊಡುತ್ತೇವೆ?

ಸಿವಿಲ್ ವಿಭಾಗದವರಿಗೂ ಸಾಮಗ್ರಿ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಳೆಯ ಅಳತೆ ಕಳಿಸುತ್ತವೆ. ಒಂದು ಮಾಪಕದಿಂದ ದಿನಕ್ಕೆ 96 ಅಂಕಿ, ವರ್ಷಕ್ಕೆ 35,040. ಯಾವ ಒಂದು ಗಂಟೆಯಲ್ಲಿ ಅತಿ ಹೆಚ್ಚು ಮಳೆ ಸುರಿಯಿತು? ಮಾಪಕ ಕೆಟ್ಟು ನಡುವೆ ಅಂಕಿ ಬಾರದಿದ್ದರೆ ಅದನ್ನು ಸೊನ್ನೆ ಎನ್ನಬೇಕೇ, ಖಾಲಿ ಎನ್ನಬೇಕೇ? ಚರಂಡಿಯ ಅಗಲ ನಿರ್ಧಾರವಾಗುವುದು ಈ ಉತ್ತರದ ಮೇಲೆ. ಬಬಲ್ ಸಾರ್ಟಿಗೆ ಕೊಡುವ ಐದು ಅಂಕಿಗಳ ಮೇಲೆ ಏನೂ ನಿರ್ಧಾರವಾಗುವುದಿಲ್ಲ.

ಪ್ಯಾಲಿಂಡ್ರೋಮ್ ಪ್ರೋಗ್ರಾಂ ಅನ್ನು ಈಗ ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಬರೆದುಕೊಡುತ್ತದೆ. ಭಾಮಿನಿಯದನ್ನೂ ಬರೆದುಕೊಡಬಹುದು. ಆದರೆ ಬರೆದುಕೊಟ್ಟದ್ದು ಸರಿಯೇ ಎಂದು ಪದ್ಯ ಓದಿ ನೋಡುವ ಕಿವಿ ವಿದ್ಯಾರ್ಥಿಯದೇ ಆಗಿರಬೇಕು. ಪಠ್ಯಕ್ರಮ ಬದಲಾಗುವುದನ್ನು ಕಾಯುತ್ತಾ ಕುಳಿತರೆ ಇನ್ನೊಂದು ತಲೆಮಾರು ಅದೇ ರೆಕಾರ್ಡ್ ನಕಲು ಮಾಡುತ್ತಿರುತ್ತದೆ. ಲ್ಯಾಬ್ ನಡೆಸುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟು: ಈ ಸೆಮಿಸ್ಟರಿನ ಪಟ್ಟಿಯಿಂದ ಒಂದೇ ಒಂದು ಪ್ರೋಗ್ರಾಂ ತೆಗೆಯಿರಿ. ಆ ಜಾಗಕ್ಕೆ ಪಕ್ಕದ ವಿಭಾಗದ ಸ್ಟಾಫ್ ರೂಮಿಗೆ ಹೋಗಿ, ಅವರಿಗೆ ಉತ್ತರ ಬೇಕಾಗಿರುವ ಒಂದು ಲೆಕ್ಕ ಕೇಳಿ ತನ್ನಿ.